ಮಲೆನಾಡಿನ ವರ್ತಕನಿಗೆ ಎಂಥ ಎಸ್.ಯು.ವಿ.? ಹೆದ್ದಾರಿ, ತೋಟದ ದಾರಿ ಮತ್ತು ಲೆಕ್ಕದ ಪುಸ್ತಕ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ವ್ಯಾಪಾರಸ್ಥ ಕುಟುಂಬಗಳಲ್ಲಿ ಮನೆ ಕಟ್ಟುವುದು ಮತ್ತು ಮಕ್ಕಳ ಮದುವೆಯನ್ನು ಬಿಟ್ಟರೆ ಅತಿ ದೊಡ್ಡ ವೆಚ್ಚವೆಂದರೆ ಇಂದು ವಾಹನ ಖರೀದಿಯೇ ಆಗಿದೆ. ಹಿಂದೆ ಅಡಿಕೆ ಮಂಡಿಯವರ ಮನೆಯ ಮುಂದೆ ಮಹೀಂದ್ರಾ ಜೀಪು, ಜವಳಿ ಅಂಗಡಿಯವರ ಮನೆಯ ಮುಂದೆ ಅಂಬಾಸಿಡರ್ ಅಥವಾ ಮಾರುತಿ ನಿಂತಿರುತ್ತಿತ್ತು. ಯಾವುದು ಯಾತಕ್ಕೆ ಎಂಬ ಗೊಂದಲ ಇರಲಿಲ್ಲ. ಈಗ ಇಬ್ಬರೂ ಒಂದೇ ಬಗೆಯ ವಾಹನವನ್ನು ಕೊಳ್ಳುತ್ತಿದ್ದಾರೆ. ಶಿವಮೊಗ್ಗಕ್ಕೆ ವಾರಕ್ಕೆ ಮೂರು ಬಾರಿ ಸುಖವಾಗಿ ಹೋಗಿ ಬರಬೇಕು, ಮನೆಮಂದಿಯೆಲ್ಲ ಕೂರಬೇಕು, ಮಳೆಗಾಲದಲ್ಲಿ ತೋಟದ ಮನೆಗೂ ಇಳಿಯಬೇಕು ಎಂಬ ಮೂರು ಅಪೇಕ್ಷೆಗಳನ್ನು ಒಂದೇ ವಾಹನದ ಮೇಲೆ ಹೊರಿಸಲಾಗುತ್ತಿದೆ. ಮಾರಾಟ ಮಳಿಗೆಯವರು ಮೂರಕ್ಕೂ ಹೌದೆಂದು ತಲೆಯಾಡಿಸುತ್ತಾರೆ. ಹದಿನೆಂಟು, ಇಪ್ಪತ್ತು ಲಕ್ಷ ರೂ. ತೊಡಗಿಸುವ ಮುನ್ನ ಈ ಮೂರು ಅಪೇಕ್ಷೆಗಳ ಪೈಕಿ ಯಾವುದಕ್ಕೆ ಎಷ್ಟು ಬೆಲೆ ತೆರುತ್ತಿದ್ದೇವೆಂಬುದನ್ನು ಖರೀದಿದಾರನು ಬಿಡಿಸಿ ನೋಡುವುದು ಅಗತ್ಯ.

ಮೊದಲು ರಸ್ತೆಯ ವಿಚಾರ. ಶಿವಮೊಗ್ಗದಿಂದ ಸಾಗರಕ್ಕೆ ಸುಮಾರು 72 ಕಿ.ಮೀ., ತೀರ್ಥಹಳ್ಳಿಗೆ ಸುಮಾರು 60 ಕಿ.ಮೀ. ಎರಡೂ ರಾಷ್ಟ್ರೀಯ ಹೆದ್ದಾರಿಗಳೇ. ಹಳಬರು ಇಂದಿಗೂ 206 ಎಂದು ಕರೆಯುವ ಹೊನ್ನಾವರ ರಸ್ತೆಯ ಈಗಿನ ಸಂಖ್ಯೆ 69. ತೀರ್ಥಹಳ್ಳಿಯ ಮೇಲೆ ಹೋಗುವುದು 169. ಬೈಂದೂರಿನಿಂದ ಕೊಲ್ಲೂರು, ನಾಗೋಡಿ, ನಗರ, ಹೊಸನಗರಗಳ ಮೂಲಕ ಆನಂದಪುರ, ಶಿಕಾರಿಪುರ ದಾಟಿ ರಾಣೇಬೆನ್ನೂರಿಗೆ ಹೋಗುವ ದಾರಿಗೂ 766ಸಿ ಎಂಬ ಹೆದ್ದಾರಿ ಸಂಖ್ಯೆ ದೊರೆತಿದೆ. ಇನ್ನು ಪಶ್ಚಿಮಕ್ಕೆ ಇಳಿಯುವುದೆಂದರೆ ಘಟ್ಟ: ಆಗುಂಬೆ, ಮಾಸ್ತಿಕಟ್ಟೆಯಾಚೆಯ ಹುಲಿಕಲ್ ಬಾಳೆಬರೆ, ನಾಗೋಡಿ. ಆಗುಂಬೆಯಲ್ಲಿ ವಾರ್ಷಿಕ ಸರಾಸರಿ ಮಳೆ 7,000 ಮಿ.ಮೀ. ಮೀರುತ್ತದೆ. ಧರೆ ಕುಸಿತದ ಭಯದಿಂದ ಮಳೆಗಾಲದಲ್ಲಿ ಇಲ್ಲಿ ಭಾರಿ ವಾಹನಗಳನ್ನು ನಿಷೇಧಿಸುವುದು ವಾಡಿಕೆಯೇ ಆಗಿದೆ. ತೀರ್ಥಹಳ್ಳಿ, ಹೊಸನಗರದ ಕುಟುಂಬಗಳಿಗೆ ಈ ಘಟ್ಟಗಳು ಪ್ರವಾಸದ ದಾರಿಗಳಲ್ಲ. ರಾತ್ರಿ ಹೊತ್ತು ಮನೆಯ ಹಿರಿಯರಿಗೆ ಎದೆನೋವು ಬಂದರೆ ಮಣಿಪಾಲದ ಆಸ್ಪತ್ರೆಗೆ ಇಳಿಯುವುದು ಇಲ್ಲಿಂದಲೇ.

ಸಾಗರದ ದಿಕ್ಕಿನಲ್ಲಿ ಪರಿಸ್ಥಿತಿ ಇತ್ತೀಚೆಗೆ ಬದಲಾಗಿದೆ. ಲಿಂಗನಮಕ್ಕಿ ಹಿನ್ನೀರಿನಾಚೆಯ ತುಮರಿ, ಸಿಗಂದೂರು ಭಾಗಕ್ಕೆ ದಶಕಗಳ ಕಾಲ ಲಾಂಚೇ ಗತಿಯಾಗಿತ್ತು. ಬೇಸಿಗೆಯಲ್ಲಿ ನೀರು ಇಳಿದು ವಾಹನಗಳನ್ನು ಹತ್ತಿಸುವುದನ್ನೇ ನಿಲ್ಲಿಸಿದ ವರ್ಷಗಳೂ ಇದ್ದವು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಎರಡೂವರೆ ಕಿ.ಮೀ.ಗೆ ಸಮೀಪದ ಉದ್ದದ ಸೇತುವೆ ಉದ್ಘಾಟನೆಗೊಂಡ ನಂತರ ಅಂಗಡಿಗೆ ಸರಕು ಹಾಕುವ ವರ್ತಕರ ಲೆಕ್ಕಾಚಾರವೇ ಬೇರೆಯಾಗಿದೆ. ಹತ್ತು ವರ್ಷಗಳ ಹಿಂದೆ ಜೀಪು ಬೇಡುತ್ತಿದ್ದ ಎಷ್ಟೋ ಊರುಗಳಿಗೆ ಇಂದು ಸಾಧಾರಣ ಕಾರು ಸಾಕು.

ಹಾಗಾದರೆ ಉಳಿಯುವ ಕಚ್ಚಾ ದಾರಿ ಯಾವುದು? ಮುಖ್ಯವಾಗಿ ಡಾಂಬರು ಮುಗಿದ ನಂತರದ ಕೊನೆಯ ಎರಡು, ಮೂರು ಕಿ.ಮೀ.ಗಳ ತೋಟದ ದಾರಿ. ನಗರಗಳಲ್ಲಿ ಆಫ್-ರೋಡಿಂಗ್ ಎಂಬುದು ಭಾನುವಾರದ ಕ್ರೀಡೆ. ಇಲ್ಲಿ ಅದು ಕೊಳೆರೋಗಕ್ಕೆ ಬೋರ್ಡೋ ಹೊಡೆಸುವ ದಿನ ಸುಣ್ಣ, ಮೈಲುತುತ್ತದ ಚೀಲ ಹಾಕಿಕೊಂಡು ಜಾರುವ ಜೇಡಿಯಲ್ಲಿ ಇಳಿದು ಹತ್ತುವ ಕೆಲಸ. ಕೊಡಚಾದ್ರಿಯ ಏರು ಇದಕ್ಕಿಂತ ಬೇರೆ. ಬಂಡೆಗಲ್ಲುಗಳ ಆ ದಾರಿಗೆ ನಿಟ್ಟೂರು, ಕಟ್ಟಿನಹೊಳೆ ಕಡೆಯ ಬಾಡಿಗೆ ಜೀಪುಗಳೂ ಅವುಗಳ ಚಾಲಕರೂ ಇದ್ದಾರೆ. ನೆಂಟರಿಷ್ಟರನ್ನು ಸರ್ವಜ್ಞ ಪೀಠಕ್ಕೆ ಕರೆದೊಯ್ಯುವ ವರ್ಷಕ್ಕೊಂದು ದಿನದ ಸಲುವಾಗಿ ಸ್ವಂತ ಹೊಸ ವಾಹನದ ತಳವನ್ನು ಕಲ್ಲಿಗೆ ಒಡ್ಡುವುದರಲ್ಲಿ ಯಾವ ಜಾಣತನವೂ ಇಲ್ಲ.

ಯಂತ್ರದ ಮಾತು

ಎಸ್.ಯು.ವಿ. ಎಂಬ ಹೆಸರಿನಡಿ ಎರಡು ಜಾತಿಗಳಿವೆ. ಸ್ಕಾರ್ಪಿಯೋ-ಎನ್, ಬೊಲೆರೊ, ಥಾರ್, ಜಿಮ್ನಿ, ಫಾರ್ಚುನರ್‌ಗಳು ಲಾರಿಯಂತೆ ಕಬ್ಬಿಣದ ಚಾಸಿಯ ಮೇಲೆ ಬಾಡಿ ಕೂರಿಸಿದ ವಾಹನಗಳು. ಕ್ರೆಟಾ, ಗ್ರ್ಯಾಂಡ್ ವಿಟಾರಾ, ಹ್ಯಾರಿಯರ್, ಸಫಾರಿ, ಇನ್ನೋವಾ ಹೈಕ್ರಾಸ್‌ಗಳು ಕಾರಿನಂತೆ ಬಾಡಿಯನ್ನೇ ಚಾಸಿಯಾಗಿ ಕಟ್ಟಿದವು. ಮೊದಲನೆಯ ಜಾತಿ ಹೊಂಡ, ಕಲ್ಲುಗಳನ್ನು ಸಹಿಸುತ್ತದೆ, ಆದರೆ ಘಟ್ಟದ ತಿರುವಿನಲ್ಲಿ ಓಲಾಡುತ್ತದೆ. ಹಿಂದಿನ ಸೀಟಿನಲ್ಲಿ ಕುಳಿತ ಮಕ್ಕಳಿಗೆ ಆಗುಂಬೆ ಇಳಿಯುವಷ್ಟರಲ್ಲಿ ವಾಂತಿ ಬರುವುದಕ್ಕೂ, ಮಂಡಿನೋವಿನ ಅಜ್ಜಿಗೆ ಹತ್ತಲು ಮೆಟ್ಟಿಲು ಬೇಕಾಗುವುದಕ್ಕೂ ಇದೇ ಕಾರಣ. ಎರಡನೆಯ ಜಾತಿ ಹೆದ್ದಾರಿಯಲ್ಲಿ ಸ್ಥಿರ, ಸುಖ. ಎತ್ತರದ ನಿಲುವನ್ನು ನೋಡಿ ಇವೆಲ್ಲ ಎಲ್ಲಿಗೂ ಹೋಗಬಲ್ಲವೆಂದು ಭಾವಿಸುವುದು ತಪ್ಪು. ಡೀಸೆಲ್ ಹ್ಯಾರಿಯರ್, ಸಫಾರಿಗಳಲ್ಲಿ ಎಂಜಿನ್ನಿನ ಬಲ ಹೋಗುವುದು ಮುಂದಿನ ಎರಡು ಗಾಲಿಗಳಿಗೆ ಮಾತ್ರ.

ಈ ಮುಂದಿನ ಗಾಲಿಯ ಚಾಲನೆಯ ಸ್ವಭಾವವನ್ನು ಮಲೆನಾಡಿನವರು ತಿಳಿದಿರಬೇಕು. ಏರಿನಲ್ಲಿ ವಾಹನದ ಭಾರ ಹಿಂದಕ್ಕೆ ಸರಿಯುತ್ತದೆ. ಹಿಂದೆ ಮೂರು ಜನ, ಡಿಕ್ಕಿಯಲ್ಲಿ ಎರಡು ಚೀಲ ಇದ್ದರೆ ಇನ್ನಷ್ಟು. ಮುಂದಿನ ಗಾಲಿ ಹಗುರಾಗಿ ಕೆಸರಿನಲ್ಲಿ ನಿಂತಲ್ಲೇ ಸುತ್ತುತ್ತದೆ. ಕೆಲವು ಅನುಭವಿ ಚಾಲಕರು ಇಂಥಲ್ಲಿ ವಾಹನ ತಿರುಗಿಸಿ ರಿವರ್ಸ್‌ನಲ್ಲಿ ಏರು ಹತ್ತಿಸುತ್ತಾರೆ. ನೋಡುವವರಿಗೆ ನಗು ಬಂದರೂ ಲೆಕ್ಕ ಸರಿಯಾಗಿಯೇ ಇದೆ.

ಫೋರ್ ವೀಲ್ ಡ್ರೈವ್‌ನಲ್ಲೂ ಭೇದವಿದೆ. ಗ್ರ್ಯಾಂಡ್ ವಿಟಾರಾದ ಆಲ್‌ಗ್ರಿಪ್‌ನಂಥ ವ್ಯವಸ್ಥೆ ಒದ್ದೆ ಹುಲ್ಲು, ಸಾಧಾರಣ ಕೆಸರಿಗೆ ಸಾಕು, ಆದರೆ ಅದರಲ್ಲಿ ಲೋ ಗೇರ್ ಇಲ್ಲ. ಕಡಿದಾದ ಧರೆಯ ದಾರಿಯಲ್ಲಿ ನಿಧಾನವಾಗಿ ಇಳಿಸಬಲ್ಲ ನಿಜವಾದ ಲೋ ಗೇರ್ ಇರುವುದು ಥಾರ್, ಥಾರ್ ರಾಕ್ಸ್, ಸ್ಕಾರ್ಪಿಯೋ-ಎನ್, ಫಾರ್ಚುನರ್‌ಗಳ ಫೋರ್ ಬೈ ಫೋರ್ ಮಾದರಿಗಳಲ್ಲಿ ಮತ್ತು ಜಿಮ್ನಿಯಲ್ಲಿ. ಜಿಮ್ನಿಯಲ್ಲಿ ಕೂರುವವರು ನಾಲ್ಕೇ ಜನ, ಸಾಮಾನಿಗೆ ಜಾಗವೂ ಅಷ್ಟಕ್ಕಷ್ಟೆ. ಐದಾರು ಜನರ ಕುಟುಂಬಕ್ಕೆ ಅದನ್ನು ಏಕೈಕ ವಾಹನವಾಗಿ ಕೊಳ್ಳುವುದು ಕಷ್ಟ.

ಟಯರಿನ ವಿಷಯವನ್ನು ಯಾರೂ ಕೇಳುವುದಿಲ್ಲ. ಮಳಿಗೆಯಿಂದ ಬರುವ ಹೆದ್ದಾರಿ ಟಯರಿನ ಹಲ್ಲುಗಳಲ್ಲಿ ಜೇಡಿ ತುಂಬಿಕೊಂಡರೆ ನಾಲ್ಕು ಗಾಲಿಗಳಿಗೂ ಬಲ ಹೋದರೇನು ಪ್ರಯೋಜನ? ಎರಡೂ ಬಗೆಯ ರಸ್ತೆಗೆ ಹೊಂದುವ ಆಲ್ ಟೆರೇನ್ ಟಯರು, ಡಿಕ್ಕಿಯಲ್ಲೊಂದು ಗಟ್ಟಿ ಹಗ್ಗ, ಗುದ್ದಲಿ ಇದ್ದರೆ ಬಹುಪಾಲು ತೋಟದ ದಾರಿಗಳು ಸಾಧಾರಣ ವಾಹನಕ್ಕೂ ಒಲಿಯುತ್ತವೆ.

ಡೀಸೆಲ್ ಕುರಿತು ಒಂದು ಎಚ್ಚರಿಕೆ. 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿ.ಎಸ್. 6 ನಿಯಮದ ಡೀಸೆಲ್ ವಾಹನಗಳಲ್ಲಿ ಹೊಗೆಯ ಮಸಿಯನ್ನು ಹಿಡಿಯುವ ಫಿಲ್ಟರ್ ಇರುತ್ತದೆ. ವಾಹನ ಹೆದ್ದಾರಿಯಲ್ಲಿ ಒಂದಷ್ಟು ಹೊತ್ತು ಒಂದೇ ವೇಗದಲ್ಲಿ ಓಡಿದಾಗ ಮಾತ್ರ ಆ ಮಸಿ ಸುಟ್ಟು ಹೋಗುತ್ತದೆ. ಸಾಗರದಿಂದ ಶಿವಮೊಗ್ಗಕ್ಕೆ ಓಡಾಡುವವನಿಗೆ ಡೀಸೆಲ್ ಒಳ್ಳೆಯದೇ. ಮನೆಯಿಂದ ಅಂಗಡಿಗೆ ಎರಡು ಕಿ.ಮೀ. ಓಡಿಸಿ ನಿಲ್ಲಿಸುವವನ ಫಿಲ್ಟರ್ ಕಟ್ಟಿಕೊಂಡು ವರ್ಕ್‌ಶಾಪಿನ ಬಿಲ್ಲು ಬೆಳೆಯುತ್ತದೆ. ಹಾಗೆಯೇ ನೀರು ಹರಿಯುವ ಮೋರಿಯಲ್ಲಿ ಎಂಜಿನ್ ನಿಂತುಹೋದರೆ ಮತ್ತೆ ಚಾಲೂ ಮಾಡಲು ಹೋಗಬಾರದು. ಒಳಗೆ ನೀರು ಸೇರಿ ಎಂಜಿನ್ ಹಾಳಾದರೆ ಸಾಮಾನ್ಯ ವಿಮಾ ಪಾಲಿಸಿ ಅದನ್ನು ಭರಿಸುವುದಿಲ್ಲ. ಎಂಜಿನ್ ರಕ್ಷಣೆಯ ಹೆಚ್ಚುವರಿ ಕವಚವನ್ನು ಪ್ರತ್ಯೇಕ ಪ್ರೀಮಿಯಂ ಕೊಟ್ಟು ಪಡೆಯಬೇಕು. ಈ ಮೂರು ತಾಲ್ಲೂಕುಗಳಲ್ಲಿ ಅದು ದುಂದು ಎನಿಸದು.

ತೆರಿಗೆ ಉಳಿತಾಯವೆಂಬ ಭ್ರಮೆ

“ಫರ್ಮಿನ ಹೆಸರಿನಲ್ಲಿ ತೆಗೆದುಕೊಳ್ಳಿ, ತೆರಿಗೆಯಲ್ಲೇ ಅರ್ಧ ವಸೂಲಾಗುತ್ತದೆ” ಎಂಬ ಸಲಹೆ ಮಳಿಗೆಗಳಲ್ಲಿ ಧಾರಾಳವಾಗಿ ದೊರೆಯುತ್ತದೆ. ಇದನ್ನು ಅಂಕಿಯಲ್ಲಿ ಪರೀಕ್ಷಿಸುವುದು ಉಚಿತ.

2025ರ ಸೆಪ್ಟೆಂಬರ್ 22ರಿಂದ ಜಿ.ಎಸ್.ಟಿ. ದರಗಳು ಬದಲಾದವು. ನಾಲ್ಕು ಮೀಟರ್ ಒಳಗಿನ, 1200 ಸಿ.ಸಿ. ಮೀರದ ಪೆಟ್ರೋಲ್ ಅಥವಾ 1500 ಸಿ.ಸಿ. ಮೀರದ ಡೀಸೆಲ್ ವಾಹನಗಳಿಗೆ ಶೇ. 18, ಅದಕ್ಕಿಂತ ದೊಡ್ಡವಕ್ಕೆ ಶೇ. 40. ಮೊದಲು ದೊಡ್ಡ ಎಸ್.ಯು.ವಿ.ಗಳಿಗೆ ಸೆಸ್ ಸೇರಿ ಶೇ. 50ರವರೆಗೆ ಇತ್ತು. ಬೊಲೆರೊ ಶೇ. 18ರ ಗುಂಪಿಗೆ ಸೇರಿದರೆ, ಅದರಷ್ಟೇ ಉದ್ದದ ಜಿಮ್ನಿ ಪೆಟ್ರೋಲ್ ಎಂಜಿನ್ನಿನ ಗಾತ್ರದ ಕಾರಣದಿಂದ ಶೇ. 40ರಲ್ಲಿ ಉಳಿಯಿತು. ಮಳಿಗೆಯ ಬೆಲೆ 18 ಲಕ್ಷ ರೂ. ಇರುವ ದೊಡ್ಡ ವಾಹನವೊಂದರಲ್ಲಿ ಜಿ.ಎಸ್.ಟಿ.ಯೇ ಸುಮಾರು 5.14 ಲಕ್ಷ ರೂ. ಅದರ ಮೇಲೆ ರಾಜ್ಯದ ಆಜೀವ ತೆರಿಗೆ ಶೇ. 17ರಂತೆ 3.06 ಲಕ್ಷ ರೂ., ಮತ್ತು ಸೆಸ್. ವಿಮೆಯೂ ಸೇರಿ ರಸ್ತೆಗಿಳಿಯುವಾಗ ವೆಚ್ಚ 22 ಲಕ್ಷದ ಆಸುಪಾಸಿಗೆ ಬರುತ್ತದೆ.

ಕೊಟ್ಟ ಜಿ.ಎಸ್.ಟಿ.ಯಲ್ಲಿ ವರ್ತಕನಿಗೆ ಒಂದು ರೂಪಾಯಿಯೂ ಹಿಂದಿರುಗುವುದಿಲ್ಲ. ಚಾಲಕನೂ ಸೇರಿ 13 ಜನರವರೆಗಿನ ಪ್ರಯಾಣಿಕ ವಾಹನಗಳ ಮೇಲಿನ ಹುಟ್ಟುವಳಿ ತೆರಿಗೆ ಜಮೆಯನ್ನು ಕಾನೂನು ತಡೆಹಿಡಿದಿದೆ. ವಾಹನ ಮಾರುವವರು, ಪ್ರಯಾಣಿಕ ಸಾಗಣೆಯವರು, ಚಾಲನಾ ಶಾಲೆಯವರು ಇದಕ್ಕೆ ಅಪವಾದ. ಅದರ ರಿಪೇರಿ, ವಿಮೆಯ ಮೇಲಿನ ಜಮೆಗೂ ಇದೇ ಗತಿ. ಅದೇ ವರ್ತಕನು ಸರಕು ಸಾಗಿಸಲು ಪಿಕ್‌ಅಪ್ ಕೊಂಡರೆ ಜಮೆ ದೊರೆಯುತ್ತದೆ. ಹತ್ತು ಲಕ್ಷ ಮೀರಿದ ವಾಹನದ ಮೇಲೆ ಮಾರಾಟಗಾರರು ವಸೂಲು ಮಾಡುವ ಶೇ. 1ರ ಟಿ.ಸಿ.ಎಸ್. ಮಾತ್ರ ರಿಟರ್ನಿನಲ್ಲಿ ಹೊಂದಾಣಿಕೆಯಾಗುತ್ತದೆ. ಅದನ್ನು ಮರೆಯುವವರೂ ಇದ್ದಾರೆ.

ಆದಾಯ ತೆರಿಗೆಯಲ್ಲಿ ಸವಕಳಿ ಶೇ. 15. ಮೇಲಿನ ವಾಹನಕ್ಕೆ ಮೊದಲ ವರ್ಷ ಸುಮಾರು 3.2 ಲಕ್ಷ ರೂ. ಶೇ. 30ರ ದರದ ಪಾಲುದಾರಿಕೆ ಸಂಸ್ಥೆಗೆ ಇದರಿಂದ ಉಳಿಯುವ ತೆರಿಗೆ ಸೆಸ್ ಸೇರಿ ಒಂದು ಲಕ್ಷ ರೂ. ಮಾತ್ರ, ಮುಂದಿನ ವರ್ಷಗಳಲ್ಲಿ ಇನ್ನೂ ಕಡಿಮೆ. ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದರೆ ಸವಕಳಿ ಅರ್ಧ. 2025ರಲ್ಲಿ ಅಕ್ಟೋಬರ್ 1ರ ಆಯುಧಪೂಜೆಗೆ ವಾಹನ ರಸ್ತೆಗಿಳಿಸಿದವರಿಗೆ ಪೂರ್ತಿ ಸವಕಳಿ ದೊರೆತರೆ, ಅದೇ ತಿಂಗಳ ದೀಪಾವಳಿಗೆ ತಂದವರಿಗೆ ಅರ್ಧವೇ. ಕುಟುಂಬದ ಬಳಕೆಯ ಪಾಲನ್ನು ಅಧಿಕಾರಿಯು ಕಳೆಯಲೂ ಬಹುದು.

ಇದಕ್ಕಿಂತ ಮುಖ್ಯವಾದ ಎರಡು ಸಂಗತಿಗಳಿವೆ. ಸಣ್ಣ ವರ್ತಕರಲ್ಲಿ ಅನೇಕರು ವಹಿವಾಟಿನ ಶೇ. 6 ಅಥವಾ ಶೇ. 8ರಷ್ಟನ್ನು ಲಾಭವೆಂದು ಘೋಷಿಸುವ ಅಂದಾಜು ತೆರಿಗೆ ಪದ್ಧತಿಯಲ್ಲಿದ್ದಾರೆ. ಆ ಪದ್ಧತಿಯಲ್ಲಿ ಸವಕಳಿಯನ್ನು ಈಗಾಗಲೇ ಕಳೆದಂತೆಯೇ ಎಣಿಸಲಾಗುತ್ತದೆ. ಹೊಸ ವಾಹನ ಕೊಂಡರೂ ತೆರಿಗೆ ಒಂದು ಪೈಸೆ ಇಳಿಯುವುದಿಲ್ಲ. ಎರಡನೆಯದು ತೋಟ. ಅಡಿಕೆ ಬೆಳೆಯ ಕೃಷಿ ಆದಾಯಕ್ಕೆ ಆದಾಯ ತೆರಿಗೆಯೇ ಇಲ್ಲವಾದ್ದರಿಂದ, ತೋಟದ ಓಡಾಟದ ವೆಚ್ಚವನ್ನು ಅಂಗಡಿಯ ಲಾಭದಲ್ಲಿ ಕಳೆಯಲು ಬರುವುದಿಲ್ಲ. ಫೋರ್ ವೀಲ್ ಡ್ರೈವ್ ಬೇಕಾಗಿರುವುದು ತೋಟಕ್ಕೆ ಎಂದಾದರೆ, ಆ ಹೆಚ್ಚುವರಿ ಹಣಕ್ಕೆ ತೆರಿಗೆಯ ಆಸರೆ ಹುಡುಕುವುದು ವ್ಯರ್ಥ.

ಸಾಲದ ವಿಷಯದಲ್ಲಿ ಇನ್ನೂ ಗಂಭೀರವಾದ ಲೋಪ ಕಂಡುಬರುತ್ತಿದೆ. 16 ಲಕ್ಷ ರೂ. ಸಾಲಕ್ಕೆ ಶೇ. 9ರ ಬಡ್ಡಿಯಲ್ಲಿ ಐದು ವರ್ಷಗಳ ಮಾಸಿಕ ಕಂತು ಸುಮಾರು 33,200 ರೂ.; ಒಟ್ಟು ಬಡ್ಡಿ 3.9 ಲಕ್ಷ ರೂ. ಇದು ಕಣ್ಣಿಗೆ ಕಾಣುವ ಹೊರೆ. ಕಾಣದಿರುವುದು ಮುಂಗಡದ ಆರು ಲಕ್ಷ. ಅದನ್ನು ಬಹಳ ಮಂದಿ ಕ್ಯಾಶ್ ಕ್ರೆಡಿಟ್ ಖಾತೆಯಿಂದ ತೆಗೆಯುತ್ತಾರೆ. ಸರಕಿಗಾಗಿ ಬ್ಯಾಂಕು ಕೊಟ್ಟ ಅಲ್ಪಾವಧಿ ಹಣ ಐದು ವರ್ಷಗಳ ಕಾಲ ಶೆಡ್ಡಿನಲ್ಲಿ ನಿಲ್ಲುತ್ತದೆ. ಅದಕ್ಕೆ ಕಂತಿಲ್ಲ, ಆದ್ದರಿಂದ ತೀರುವುದೂ ಇಲ್ಲ. ಕೊಯ್ಲಿನ ಕಾಲಕ್ಕೆ ಅಡಿಕೆ ಮಾರುಕಟ್ಟೆಗೆ ಬಂದು ನಗದು ಬೇಕಾದಾಗ ಖಾತೆಯ ಮಿತಿ ಮುಟ್ಟಿರುತ್ತದೆ, ಕೈಗಡಕ್ಕೆ ಓಡಬೇಕಾಗುತ್ತದೆ. ಮುಂಗಡವು ಉಳಿತಾಯದಿಂದ ಬರದಿದ್ದರೆ ಆ ವರ್ಷ ವಾಹನ ಕೊಳ್ಳದಿರುವುದೇ ಲೇಸು.

ಒಂದೇ ಮಾದರಿಯಲ್ಲಿ ಫೋರ್ ಬೈ ಫೋರ್‌ಗೆ ಎರಡು ಲಕ್ಷ ರೂ. ಹೆಚ್ಚೆಂದು ಎಣಿಸಿದರೆ, ಆಜೀವ ತೆರಿಗೆಯೂ ಸೇರಿ 2.35 ಲಕ್ಷ ದಾಟುತ್ತದೆ. ಶೇ. 10ರ ಬಡ್ಡಿಯಲ್ಲಿ ಇದರ ವಾರ್ಷಿಕ ಭಾರ 23,500 ರೂ. ವರ್ಷಕ್ಕೆ ಹತ್ತು ದಿನ ಕೆಸರಿಗೆ ಇಳಿಯುವವನಿಗೆ ದಿನಕ್ಕೆ 2,350 ರೂ. ಬಿದ್ದಂತೆ. ಅರವತ್ತು ದಿನ ಇಳಿಯುವವನಿಗೆ ದಿನಕ್ಕೆ 400 ರೂ. ಸಹ ಇಲ್ಲ, ಅವನು ಧೈರ್ಯವಾಗಿ ಕೊಳ್ಳಬಹುದು, ಮರುಮಾರಾಟದಲ್ಲಿಯೂ ಒಂದಷ್ಟು ಹಿಂದಿರುಗುತ್ತದೆ. ತಾನು ಯಾವ ಗುಂಪಿನವನೆಂದು ತಿಳಿಯಲು ಒಂದು ಮಳೆಗಾಲ ಈಗಿರುವ ವಾಹನದ ಓಡಾಟವನ್ನು ದಿನಚರಿಯಲ್ಲಿ ಬರೆದಿಟ್ಟರೆ ಸಾಕು.

ಈ ಲೆಕ್ಕದ ಮೇರೆಗೆ ಸಾಗರ, ತೀರ್ಥಹಳ್ಳಿ ಪಟ್ಟಣವಾಸಿಗಳಾದ ಬಹುತೇಕ ವರ್ತಕರಿಗೆ ಯೋಗ್ಯವಾದುದು ಟೂ ವೀಲ್ ಡ್ರೈವ್‌ನ, 180 ಮಿ.ಮೀ.ಗಿಂತ ಹೆಚ್ಚಿನ ಗ್ರೌಂಡ್ ಕ್ಲಿಯರೆನ್ಸ್ ಇರುವ, ಕಾರಿನ ಜಾತಿಯ ವಾಹನ. ಘಟ್ಟದ ಒದ್ದೆ ತಿರುವಿನಲ್ಲಿ ಜಾರದಂತೆ ತಡೆಯುವ ಇ.ಎಸ್.ಸಿ. ಮತ್ತು ಆರು ಏರ್‌ಬ್ಯಾಗ್‌ಗಳಿಗೆ ಕೊಡುವ ಹಣ ಸನ್‌ರೂಫಿಗೆ ಕೊಡುವ ಹಣಕ್ಕಿಂತ ಸಾರ್ಥಕ. ಆಗುಂಬೆಯ ಮಳೆಯಲ್ಲಿ ಸನ್‌ರೂಫಿನಿಂದ ಕಾಣುವುದಾದರೂ ಏನು? ಹೊಸನಗರದ ಒಳ ಹೋಬಳಿಗಳಲ್ಲಿ ಮನೆಯೂ ತೋಟವೂ ಕಚ್ಚಾ ದಾರಿಯ ತುದಿಯಲ್ಲಿರುವವರ ಮಾತು ಬೇರೆ. ಅವರಿಗೆ ಸ್ಕಾರ್ಪಿಯೋ-ಎನ್ ಅಥವಾ ಥಾರ್ ರಾಕ್ಸ್‌ನ ಫೋರ್ ಬೈ ಫೋರ್ ನ್ಯಾಯವಾದ ಆಯ್ಕೆ. ಅಷ್ಟು ಹಣ ಹೂಡಲಾಗದವರು ಹೆದ್ದಾರಿಗೊಂದು ಸಾಧಾರಣ ಕಾರು, ತೋಟಕ್ಕೊಂದು ಹಳೆಯ ಜೀಪು ಎಂಬ ಹಿಂದಿನವರ ಪದ್ಧತಿಯನ್ನೇ ಅನುಸರಿಸಬಹುದು. ಹಳೆಯದನ್ನು ಕೊಳ್ಳುವಾಗ ಎಫ್.ಸಿ., ವಿಮೆ, ಚಾಸಿಯ ತುಕ್ಕು ಈ ಮೂರನ್ನೂ ಪರಿಚಯದ ಮೆಕ್ಯಾನಿಕ್ಕಿನಿಂದ ನೋಡಿಸಿ, ಹಣವನ್ನು ಚೆಕ್ಕಿನ ಮೂಲಕವೇ ಪಾವತಿಸತಕ್ಕದ್ದು.