ಕಬಡ್ಡಿ: ಅಂದು ಮತ್ತು ಇಂದು

ನಮ್ಮ ಕಡೆಯ ಹಬ್ಬ ಜಾತ್ರೆಗಳಲ್ಲಿ ಕಬಡ್ಡಿ ಪಂದ್ಯ ನಡೆದಾಗಲೆಲ್ಲ ಹಿರಿಯರಿಂದ ಒಂದು ಮಾತು ಕೇಳಿಬರುವುದುಂಟು: "ಈಗಿನವರದು ಆಟವೇನಪ್ಪ, ಬರೀ ಹಾರಾಟ!" ಹಿರಿಯರಲ್ಲಿ ಗೌರವವಿಟ್ಟುಕೊಂಡೇ ನಾನು ಈ ಅಭಿಪ್ರಾಯವನ್ನು ಒಪ್ಪಲಾರೆ. ಆಟದ ಶೈಲಿಯು ಆಟಗಾರನ ಮನಸ್ಸಿನಿಂದಷ್ಟೇ ಹುಟ್ಟುವುದಿಲ್ಲ. ನಿಯಮವೂ ನೆಲವೂ ಬದಲಾದಂತೆ ಅದೂ ಬದಲಾಗುತ್ತದೆ.

ಹಿಂದಿನ ಕಬಡ್ಡಿಯಲ್ಲಿ ಉಸಿರೇ ಗಡಿಯಾರ. ಎದುರಾಳಿಯ ಅಂಕಣಕ್ಕೆ ನುಗ್ಗಿದವನು ಆ ಒಂದು ಉಸಿರು ಮುಗಿಯುವುದರೊಳಗೆ ಮರಳಬೇಕಾಗಿತ್ತು. ಆದುದರಿಂದ ದೀರ್ಘ ಉಸಿರಿಗೂ ಗಟ್ಟಿ ಮೈಗೂ ಹೆಚ್ಚು ಬೆಲೆ. ಮುನ್ನಡೆ ಪಡೆದ ತಂಡವು ಗೆರೆ ದಾಟಿ ಬರಿಗೈಯಲ್ಲಿ ಹಿಂತಿರುಗುತ್ತ ಕಾಲ ತಳ್ಳಬಹುದಾಗಿತ್ತು.

2014ರಲ್ಲಿ ಪ್ರೊ ಕಬಡ್ಡಿ ಲೀಗ್ ಆರಂಭವಾದ ಮೇಲೆ ಈ ಚಿತ್ರವೇ ಬೇರೆಯಾಯಿತು. ದಾಳಿಗೆ 30 ಸೆಕೆಂಡುಗಳ ಮಿತಿ. ಎರಡು ದಾಳಿಗಳು ಬರಿದಾದರೆ ಮೂರನೆಯದರಲ್ಲಿ ಅಂಕ ತರಲೇಬೇಕು; ಇಲ್ಲವಾದರೆ ದಾಳಿಗಾರನೇ ಔಟ್. ಅಂಕಣದಲ್ಲಿ ಮೂವರೋ ಅದಕ್ಕಿಂತ ಕಡಮೆಯೋ ಉಳಿದಿರುವಾಗ ದಾಳಿಗಾರನನ್ನು ಹಿಡಿದರೆ ಎರಡು ಅಂಕ. ಹೀಗೆ ಕಾಲಹರಣಕ್ಕೆ ಎಡೆ ಕಡಮೆಯಾಗಿ ಸಾಹಸಕ್ಕೆ ಪ್ರತಿಫಲ ದೊರೆಯಿತು. ಹಿಡಿಯುವವರ ಕೈಯ ಕೆಳಗೆ ಬಗ್ಗಿ ನುಸುಳುವ 'ದುಬ್ಕಿ'ಯಿಂದ ಹೆಸರಾದ ಪರ್ದೀಪ್ ನರ್ವಾಲ್ 2017ರ ಒಂದೇ ಋತುವಿನಲ್ಲಿ 369 ದಾಳಿ ಅಂಕ ಗಳಿಸಿದರು. 2019ರ ಜನವರಿಯಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ತಂದು ಬೆಂಗಳೂರು ಬುಲ್ಸ್ ತಂಡಕ್ಕೆ ಪ್ರಶಸ್ತಿ ದೊರಕಿಸಿದರು.

ಇದು ಕಬಡ್ಡಿಯೊಂದರ ಕಥೆಯಲ್ಲ. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲಿನಲ್ಲಿ 1950ರಲ್ಲಿ ಒಂದು ಪಂದ್ಯ 19-18ಕ್ಕೆ ಮುಗಿಯಿತು. ಗೆಲ್ಲಬಯಸಿದವರು ಚೆಂಡನ್ನು ಕೈಯಲ್ಲಿಟ್ಟುಕೊಂಡೇ ಕುಳಿತರು. 1954ರಲ್ಲಿ 24 ಸೆಕೆಂಡುಗಳ ನಿಯಮ ಬಂದಿತು, ಆಟ ಓಡತೊಡಗಿತು. 1979ರಲ್ಲಿ ಮೂರು ಅಂಕದ ಗೆರೆ ಬಂದ ಮೇಲೆ ಬುಟ್ಟಿಯ ಬಳಿಯ ಎತ್ತರದ ಆಳಿನ ಜೊತೆಗೆ ದೂರದಿಂದ ಗುರಿಯಿಡುವವನಿಗೂ ಬೆಲೆ ಬಂದಿತು. 1884ರಲ್ಲಿ ಸ್ಥಾಪಿತವಾದ ನಾಟಕ ಕಂಪನಿಯಿಂದ ಹೆಸರಾದ ಗುಬ್ಬಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ರಂಗ ಬದಲಾದರೆ ಅಭಿನಯವೂ ಬದಲಾಗಲೇಬೇಕಲ್ಲವೆ?

ಹಾಗಾದರೆ ಹಳೆಯ ವಿದ್ಯೆ ವ್ಯರ್ಥವೆ? ಖಂಡಿತ ಅಲ್ಲ. ಭಾರತ ತಂಡದಲ್ಲಿ ಆಡಿದ್ದ ನಮ್ಮ ಕರ್ನಾಟಕದ ಬಿ. ಸಿ. ರಮೇಶ್ ಅವರು ತರಬೇತುದಾರರಾಗಿ 2019ರಲ್ಲಿ ಬೆಂಗಾಲ್ ವಾರಿಯರ್ಸ್ ತಂಡವನ್ನೂ 2024ರಲ್ಲಿ ಪುಣೇರಿ ಪಲ್ಟನ್ ತಂಡವನ್ನೂ ಗೆಲ್ಲಿಸಿದರು. ಹೊಸದನ್ನು ಅರಿತ ಹಳಬರಿಗೆ ಸೋಲಿಲ್ಲ. ಆದರೆ ಹಳೆಯ ಹೆಮ್ಮೆಯೊಂದನ್ನೇ ನಂಬಿ ಕುಳಿತವರಿಗೆ ಕಾಲ ಕಾಯುವುದಿಲ್ಲ. 1990ರಿಂದ 2014ರವರೆಗೆ ಏಷ್ಯನ್ ಕ್ರೀಡಾಕೂಟದ ಪುರುಷರ ಕಬಡ್ಡಿ ಚಿನ್ನವನ್ನೆಲ್ಲ ಗೆದ್ದ ಭಾರತ 2018ರ ಸೆಮಿಫೈನಲಿನಲ್ಲಿ ಇರಾನಿಗೆ ಸೋತಿತು. ಆ ಇರಾನಿನ ಹಲವರು ನಮ್ಮ ಲೀಗಿನಲ್ಲಿಯೇ ಪಳಗಿದವರು!

ನನ್ನ ಆತಂಕ ಬೇರೆಯದು. ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಯ ಹುಡುಗ ಕಬಡ್ಡಿ ಕಲಿಯುವುದು ಕೆಮ್ಮಣ್ಣಿನ ಮೇಲೆ, ಬರಿಗಾಲಿನಲ್ಲಿ. ದೊಡ್ಡ ಪಂದ್ಯಗಳು ನಡೆಯುವುದು ಮ್ಯಾಟಿನ ಮೇಲೆ, ಬೂಟು ತೊಟ್ಟು. ಮಣ್ಣಿನಲ್ಲಿ ಜಾರುವ ಪಾದ ಅಲ್ಲಿ ಹಿಡಿದು ನಿಲ್ಲುತ್ತದೆ. ತಿರುಗುವ ವೇಗ, ಬೀಳುವ ಧೈರ್ಯ, ಹಿಡಿಯುವ ಪಟ್ಟು ಎಲ್ಲವೂ ಬೇರೆ. ಶಕ್ತಿಯಲ್ಲಿ ಕೊರತೆಯಿಲ್ಲದವನು ನೆಲದ ಪರಿಚಯವಿಲ್ಲದೆ ಆಯ್ಕೆಯ ದಿನವೇ ಹಿಂದೆ ಬೀಳುತ್ತಾನೆ. ತುಮಕೂರಿಗೆ ಬಂದು ಅಭ್ಯಾಸ ಮಾಡೆಂದರೆ ಬಸ್ಸಿನ ಖರ್ಚು ಯಾರು ಕೊಡಬೇಕು?

ಬಡವರ ಆಟವೆಂದೇ ನಾವು ಹೊಗಳುವ ಕಬಡ್ಡಿ ಉಳ್ಳವರ ಆಟವಾಗಬಾರದು. ತಾಲ್ಲೂಕು ಕೇಂದ್ರಕ್ಕೊಂದು ಮ್ಯಾಟು, ಸಂಜೆ ಎರಡು ಗಂಟೆ ಎಲ್ಲರಿಗೂ ತೆರೆದ ಬಾಗಿಲು, ಹೊಸ ನಿಯಮ ತಿಳಿದ ಒಬ್ಬ ಹಳೆಯ ಆಟಗಾರ. ಇಷ್ಟಾದರೆ ಸಾಕು. ಹಿರಿಯರೇ, ಹಾರಾಟವೆಂದು ನಗುವ ಬದಲು ಹಾರಲು ನೆಲವೊಂದನ್ನು ದೊರಕಿಸಿಕೊಡಿ. ಹಾರುವ ಕೆಲಸ ನಮಗಿರಲಿ.