ಹೋಬಳಿ ಆಸ್ಪತ್ರೆಯ ಬಾಗಿಲು ತೆರೆದಿದೆ, ಒಳಗೆ ಏನಿದೆ?

ನಮ್ಮ ಜಿಲ್ಲೆಯ ಒಂದು ಹೋಬಳಿ ಊರಿನಲ್ಲಿ 30 ಹಾಸಿಗೆಯ ಸರಕಾರಿ ಆಸ್ಪತ್ರೆ ಇದೆ. ಗೋಡೆಗೆ ಹೊಸದಾಗಿ ಸುಣ್ಣ ಬಳಿದಿದ್ದಾರೆ. ಬಾಗಿಲ ಮೇಲೆ ‘ಸಮುದಾಯ ಆರೋಗ್ಯ ಕೇಂದ್ರ’ ಎಂಬ ಬೋರ್ಡು ಇದೆ. ಹೆರಿಗೆ ಕೋಣೆ ಇದೆ, ಆಪರೇಷನ್ ಕೋಣೆಯೂ ಇದೆ. ಕಳೆದ ಮಳೆಗಾಲದ ಒಂದು ರಾತ್ರಿ ಅಕ್ಕಿ ಗಿರಣಿಯ ಹಮಾಲರೊಬ್ಬರು ಚೊಚ್ಚಲ ಹೆರಿಗೆಯ ಮಗಳನ್ನು ಅಲ್ಲಿಗೆ ಕರೆದುಕೊಂಡು ಹೋದರು. ನರ್ಸಮ್ಮ ಹೇಳಿದ ಮಾತು ಇದು: “ಡಾಕ್ಟರಮ್ಮನ್ನ ತಾಲ್ಲೂಕಿಗೆ ಹಾಕಿದಾರೆ ಅಣ್ಣ. ಈಗ ಇಲ್ಲಿ ಆಪರೇಷನ್ ಇಲ್ಲ. ತಡ ಮಾಡಬೇಡಿ, ಹೊರಡಿ.”

ಹೊರಡುವುದು ಯಾವುದರಲ್ಲಿ? 108ರ ಗಾಡಿ ಇನ್ನೊಂದು ಕರೆಗೆ ಹೋಗಿತ್ತು. ಊರಿನ ಗೂಡ್ಸ್ ಆಟೋದವನನ್ನು ನಿದ್ದೆಯಿಂದ ಎಬ್ಬಿಸಿದರು. ದಾರಿಯಲ್ಲಿ ಹುಡುಗಿಯ ಸ್ಥಿತಿ ಕೆಟ್ಟಿತು. ಮೊದಲು ಕಣ್ಣಿಗೆ ಬಿದ್ದ ಖಾಸಗಿ ನರ್ಸಿಂಗ್ ಹೋಮಿಗೆ ನುಗ್ಗಿದರು. ದೇವರು ದೊಡ್ಡವನು, ತಾಯಿ ಮಗು ಇಬ್ಬರೂ ಉಳಿದರು. ಬಿಲ್ಲು ಮಾತ್ರ 70,000 ರೂಪಾಯಿ! ಮೀಟರ್ ಬಡ್ಡಿಗೆ ಸಾಲ ತಂದು ಕಟ್ಟಿದರು. ಇವತ್ತಿಗೂ ಆ ಹಮಾಲರ ವಾರದ ಬಟವಾಡೆಯಲ್ಲಿ ಅರ್ಧ ಬಡ್ಡಿಗೆ ಹೋಗುತ್ತದೆ. ಮನೆಗೆ ಬರುವ ಬೇಳೆ ಎಣ್ಣೆಯೆಲ್ಲ ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಿಂದ ಬರುತ್ತದೆ.

ಇದರಲ್ಲಿ ನರ್ಸಮ್ಮನ ತಪ್ಪಿಲ್ಲ. ವರ್ಗವಾಗಿ ಹೋದ ಡಾಕ್ಟರಮ್ಮನ ತಪ್ಪೂ ಇಲ್ಲ. ಹಾಗಾದರೆ ಆ 70,000 ರೂಪಾಯಿ ಯಾರ ತಪ್ಪಿನ ದಂಡ?

ಈ ಆಸ್ಪತ್ರೆಗಳು ಯಾರ ದಾನವೂ ಅಲ್ಲ. 1946ರಲ್ಲಿ ಭೋರ್ ಸಮಿತಿ ತನ್ನ ವರದಿಯಲ್ಲಿ ಒಂದು ಮೂಲ ತತ್ವವನ್ನು ಹೇಳಿತು. ಹಣ ಕೊಡುವ ಶಕ್ತಿ ಇಲ್ಲವೆಂಬ ಕಾರಣಕ್ಕೆ ಯಾವ ಮನುಷ್ಯನಿಗೂ ಚಿಕಿತ್ಸೆ ತಪ್ಪಬಾರದು ಎಂಬುದೇ ಆ ತತ್ವ. 1952ರಲ್ಲಿ ಸಮುದಾಯ ಅಭಿವೃದ್ಧಿ ಯೋಜನೆಯ ಜೊತೆಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಹಳ್ಳಿಗೆ ಬಂದವು. ಅವುಗಳ ಮೇಲಿನ ಮೆಟ್ಟಿಲಾಗಿ ಸಮುದಾಯ ಆರೋಗ್ಯ ಕೇಂದ್ರಗಳು ಹುಟ್ಟಿದವು. ಬಯಲು ಸೀಮೆಯಲ್ಲಿ 1,20,000 ಜನಕ್ಕೆ, ಗುಡ್ಡಗಾಡಿನಲ್ಲಿ 80,000 ಜನಕ್ಕೆ ಇಂಥದೊಂದು ಇರಬೇಕು. ಅದರಲ್ಲಿ 30 ಹಾಸಿಗೆ ಇರಬೇಕು. ಸಾಮಾನ್ಯ ರೋಗ, ಶಸ್ತ್ರಚಿಕಿತ್ಸೆ, ಹೆರಿಗೆ, ಮಕ್ಕಳ ರೋಗ, ಅರಿವಳಿಕೆ, ಈ ಐದಕ್ಕೂ ತಜ್ಞರಿರಬೇಕು. ಇದು ಸರಕಾರ ತಾನೇ ಬರೆದುಕೊಂಡ ನಿಯಮ.

ಇದರಿಂದ ಫಲ ಬಂದಿಲ್ಲವೆಂದು ಯಾರೂ ಹೇಳಲಾರರು. 2001–03ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು. 2018–20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. 2005ರಲ್ಲಿ ಬಂದ ಗ್ರಾಮೀಣ ಆರೋಗ್ಯ ಅಭಿಯಾನ, ಮನೆಯ ಹೆರಿಗೆಯನ್ನು ಆಸ್ಪತ್ರೆಗೆ ತಂದ ಆಶಾ ಕಾರ್ಯಕರ್ತೆಯರು, 2008ರಲ್ಲಿ ಆರಂಭವಾದ 108, ಇವೆಲ್ಲದರ ಪಾಲು ಅದರಲ್ಲಿದೆ. ಆದರೂ ಅದೇ 2018–20ರಲ್ಲಿ ಕೇರಳದ ಲೆಕ್ಕ 19, ತಮಿಳುನಾಡಿನದು 54. ನಾವು ಇನ್ನೂ ನಡೆಯಬೇಕಾದ ದಾರಿ ಇದೆ. ಹೀಗಿರುವಾಗ ಹಿಂದಕ್ಕೆ ಹೆಜ್ಜೆ ಇಡುವುದು ಎಂಥ ಜಾಣತನ?

ಸರಕಾರದ ಕಡೆಯ ವಾದವನ್ನೂ ನ್ಯಾಯವಾಗಿ ಕೇಳೋಣ. ಹೆರಿಗೆ ತಜ್ಞೆ ಒಬ್ಬರೇ ಇದ್ದರೆ ಸಾಲದು, ಅರಿವಳಿಕೆ ಕೊಡುವವರಿಲ್ಲದೆ ಸಿಜೇರಿಯನ್ ಆಗದು. ಕೂಸಿಗೆ ಉಸಿರಾಟದ ತೊಂದರೆಯಾದರೆ ಮಕ್ಕಳ ವೈದ್ಯರು ಬೇಕು. ಕೈಯಳತೆಯಲ್ಲಿ ರಕ್ತ ಬೇಕು. ಒಬ್ಬರೇ ಡಾಕ್ಟರು ಹಗಲು ರಾತ್ರಿ ದುಡಿಯಲಾರರು, ಅವರಿಗೂ ಪಾಳಿ ಬೇಕು. ಒಂದು ಕಡೆ ಒಬ್ಬರು, ಇನ್ನೊಂದು ಕಡೆ ಒಬ್ಬರು ಎಂದು ಚದುರಿಸುವುದಕ್ಕಿಂತ ತಾಲ್ಲೂಕು ಆಸ್ಪತ್ರೆಯಲ್ಲಿ ಎಲ್ಲರನ್ನೂ ಕೂಡಿಸಿದರೆ 24 ಗಂಟೆಯೂ ಕೆಲಸ ನಡೆಯುತ್ತದೆ. ತಿಂಗಳಿಗೆ ನಾಲ್ಕಾರು ಹೆರಿಗೆ ಮಾತ್ರ ಆಗುವ ಕಡೆ ತಜ್ಞರನ್ನು ಕೂರಿಸಿ ಏನು ಫಲ? ಇದು ಆ ಪಕ್ಷದ ಮಾತು.

ಈ ಮಾತಿನಲ್ಲಿ ಸತ್ಯವಿದೆ, ಒಪ್ಪೋಣ. ಮೂರು ಪಾಳಿಯ ಕಷ್ಟ ಗಿರಣಿಯಲ್ಲಿ ದುಡಿಯುವ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಬ್ಬನೇ ಕೂಲಿಯಿಂದ ಹಗಲು ರಾತ್ರಿ ಯಂತ್ರ ನಡೆಸಿದರೆ ಅಪಘಾತ ಖಂಡಿತ. ಆದರೆ ಆ ವಾದ ಅರ್ಧದಲ್ಲೇ ನಿಂತುಬಿಡುತ್ತದೆ. ಹೆರಿಗೆ ಕಡಿಮೆಯಾದದ್ದು ಏಕೆ? ಅರಿವಳಿಕೆ ತಜ್ಞರ ಹುದ್ದೆಯನ್ನು ವರ್ಷಗಟ್ಟಲೆ ಖಾಲಿ ಬಿಟ್ಟರೆ, ಸ್ಕ್ಯಾನಿಂಗ್ ಯಂತ್ರಕ್ಕೆ ಮುಸುಕು ಹಾಕಿಟ್ಟರೆ, ಜನ ಅಲ್ಲಿಗೆ ಏಕೆ ಬರುತ್ತಾರೆ? ಗಿಡಕ್ಕೆ ನೀರು ಹಾಕದೆ ಬಿಟ್ಟು, ಒಣಗಿತೆಂದು ಕಿತ್ತೊಗೆಯುವ ತೋಟಗಾರನನ್ನು ಯಾರಾದರೂ ಮೆಚ್ಚುತ್ತಾರೆಯೇ? ಒಲ್ಲದ ಗಂಡನಿಗೆ ಮೊಸರಿನಲ್ಲಿ ಕಲ್ಲು!

ಎರಡನೆಯ ಪ್ರಶ್ನೆ ದೂರದ್ದು. ಹೆರಿಗೆಯಾದ ಮೇಲೆ ರಕ್ತಸ್ರಾವ ನಿಲ್ಲದಿದ್ದರೆ ಎರಡು ಗಂಟೆಯೊಳಗೆ ತಾಯಿಯ ಪ್ರಾಣ ಹೋಗಬಹುದು. ಗಾಡಿಗೆ ಕಾಯುವ ಹೊತ್ತು, ಗುಂಡಿ ಬಿದ್ದ ರಸ್ತೆಯ ಹೊತ್ತು, ತಾಲ್ಲೂಕಿನ ಬಾಗಿಲಲ್ಲಿ ಚೀಟಿ ಮಾಡಿಸುವ ಹೊತ್ತು, ಇವನ್ನೆಲ್ಲ ಕೂಡಿದರೆ ಎರಡು ಗಂಟೆಯಲ್ಲಿ ಏನು ಉಳಿಯಿತು? ತಜ್ಞರನ್ನು ಒಂದು ಕಡೆ ಕೂಡಿಸಿದವರು ಆ ದಾರಿಯ ಹೊಣೆಯನ್ನೂ ಹೊರಬೇಕು. ಅದನ್ನು ರೋಗಿಯ ತಲೆಯ ಮೇಲೆ ಹೊರಿಸಿದರೆ ಅದು ಸುಧಾರಣೆಯಲ್ಲ, ಕೈತೊಳೆದುಕೊಳ್ಳುವಿಕೆ.

ಇದು ಹಳ್ಳಿಯವರ ಪಾಡು, ಪೇಟೆಯವರಿಗೇನು ಎಂದು ಯಾರೂ ಎಣಿಸಬಾರದು. ನಮ್ಮ ಗಿರಣಿಗಳಲ್ಲಿ ದುಡಿಯುವವರ ಅಪ್ಪ ಅಮ್ಮ, ಅಕ್ಕ ತಂಗಿಯರು ಇರುವುದು ಆ ಹಳ್ಳಿಗಳಲ್ಲೇ. ಇ.ಎಸ್.ಐ. ಕಾರ್ಡು ನಮ್ಮಲ್ಲಿ ಕೆಲವರ ಕೈಯಲ್ಲಿದೆ, ನಿಜ. ಆದರೆ ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಹಮಾಲನಿಗೆ, ತಳ್ಳುಗಾಡಿಯವನಿಗೆ, ಸಣ್ಣ ಅಂಗಡಿಕಾರನಿಗೆ ಅದು ಎಲ್ಲಿದೆ? ವ್ಯಾಪಾರಿ ಬಂಧುಗಳೂ ತಮ್ಮ ಉದ್ರಿ ಪುಸ್ತಕವನ್ನು ಒಮ್ಮೆ ತಿರುವಿ ನೋಡಲಿ. ಬಾಕಿ ನಿಂತ ಲೆಕ್ಕಗಳಲ್ಲಿ ಎಷ್ಟರ ಹಿಂದೆ ಆಸ್ಪತ್ರೆಯ ಬಿಲ್ಲು ಇದೆಯೆಂದು ಗಿರಾಕಿಯನ್ನೇ ಕೇಳಲಿ. ಬಡವನ ಮನೆಗೆ ಕಾಯಿಲೆ ಹೊಕ್ಕರೆ ಅಂಗಡಿಯ ಗಲ್ಲಾಪೆಟ್ಟಿಗೆಗೂ ಅದರ ಬಿಸಿ ತಟ್ಟುತ್ತದೆ.

ನಾವು ಕೇಳುತ್ತಿರುವುದು ಭಿಕ್ಷೆಯಲ್ಲ. 1992ರಲ್ಲಿ ಬಂಗಾಳದಲ್ಲಿ ಒಬ್ಬ ಕೂಲಿಕಾರ ರೈಲಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡ. ಮೊದಲು ಒಯ್ದದ್ದು ಒಂದು ಸಣ್ಣ ಗ್ರಾಮೀಣ ಆಸ್ಪತ್ರೆಗೆ, ಅಲ್ಲಿ ಸೌಕರ್ಯವಿರಲಿಲ್ಲ. ಅಲ್ಲಿಂದ ಒಂದಾದ ಮೇಲೊಂದು ಸರಕಾರಿ ಆಸ್ಪತ್ರೆಗೆ ತಿರುಗಿದರೂ ಹಾಸಿಗೆ ಸಿಗಲಿಲ್ಲ. ಕೊನೆಗೆ ಖಾಸಗಿ ಆಸ್ಪತ್ರೆಯಲ್ಲಿ ಕೈಯಿಂದ ಹಣ ಸುರಿಯಬೇಕಾಯಿತು. ಆತನ ಕೃಷಿ ಕೂಲಿಕಾರರ ಸಂಘ ಸುಪ್ರೀಂ ಕೋರ್ಟಿಗೆ ಹೋಯಿತು. 1996ರಲ್ಲಿ ತೀರ್ಪು ಬಂತು. ತುರ್ತು ಚಿಕಿತ್ಸೆ ಕೊಡದಿರುವುದು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಂಗ, ಬೊಕ್ಕಸದಲ್ಲಿ ಹಣವಿಲ್ಲವೆಂಬ ನೆಪ ನಡೆಯದು ಎಂದು ನ್ಯಾಯಾಲಯ ಹೇಳಿತು. ಆತನಿಗೆ 25,000 ರೂಪಾಯಿ ಪರಿಹಾರ ಕೊಡಿಸಿತು. ಸಣ್ಣ ಆಸ್ಪತ್ರೆಯಲ್ಲಿ ಮೊದಲ ಚಿಕಿತ್ಸೆ, ಎಲ್ಲಿ ಹಾಸಿಗೆ ಇದೆಯೆಂದು ತಿಳಿಸುವ ಏರ್ಪಾಡು, ಸಜ್ಜಾದ ಆಂಬುಲೆನ್ಸು, ಇವು ಬೇಕೆಂದೂ ಹೇಳಿತು. ಕೂಲಿಕಾರರ ಒಂದು ಸಂಘ ದೇಶಕ್ಕೆಲ್ಲ ಗಳಿಸಿಕೊಟ್ಟ ಹಕ್ಕು ಇದು.

2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮವೂ ಇದೆ. ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಜೇರಿಯನ್, ಔಷಧ, ರಕ್ತ, ಊಟ, ಎಲ್ಲವೂ ಉಚಿತ. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಕಳಿಸಿದರೆ ಗಾಡಿಯೂ ಉಚಿತ. ಆ ಹಮಾಲರ ಮಗಳಿಗೆ ಸಲ್ಲಬೇಕಾಗಿದ್ದುದು ಇಷ್ಟೇ.

ಆದುದರಿಂದ ನಮ್ಮ ಬೇಡಿಕೆ ಸ್ಪಷ್ಟವಾಗಿರಲಿ.

ಒಂದು, ಸೇವೆ ತೆಗೆಯುವ ಮುಂಚೆ ಒಂದು ತಿಂಗಳ ಸೂಚನೆ ಕೊಡಬೇಕು. ಏನಿದೆ, ಏನಿಲ್ಲ ಎಂಬುದನ್ನು ಆಸ್ಪತ್ರೆಯ ಬಾಗಿಲಲ್ಲೂ ಪಂಚಾಯಿತಿ ಕಟ್ಟೆಯಲ್ಲೂ ಕನ್ನಡದಲ್ಲಿ ಬರೆದು ಹಾಕಬೇಕು.

ಎರಡು, ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಪಾಳಿಗೂ ತಜ್ಞರು, ರಕ್ತ, ಹಾಸಿಗೆ ಸಿದ್ಧವಾದ ಮೇಲೆಯೇ ಇಲ್ಲಿಂದ ತೆಗೆಯಬೇಕು. ಹೊಸ ಸೇತುವೆ ಕಟ್ಟುವ ಮೊದಲೇ ಹಳೆಯ ದೋಣಿ ಒಡೆಯಬಾರದು.

ಮೂರು, ಸಹಜ ಹೆರಿಗೆ, ಹಾವು ಕಡಿತದ ಮದ್ದು, ಅಪಘಾತದ ಮೊದಲ ಚಿಕಿತ್ಸೆ ಹೋಬಳಿಯಲ್ಲೇ 24 ಗಂಟೆ ಉಳಿಯಬೇಕು.

ನಾಲ್ಕು, ತಜ್ಞರು ಹೋದ ಪ್ರತಿ ಆಸ್ಪತ್ರೆಯ ಅಂಗಳದಲ್ಲಿ ಅದಕ್ಕೇ ಮೀಸಲಾದ ಆಂಬುಲೆನ್ಸು ನಿಲ್ಲಬೇಕು. ಕಳಿಸುವವರು ಫೋನು ಮಾಡಿ ಹಾಸಿಗೆ ಖಚಿತ ಮಾಡಿಕೊಂಡೇ ಕಳಿಸಬೇಕು.

ಐದು, ಆರೋಗ್ಯ ರಕ್ಷಾ ಸಮಿತಿಯಲ್ಲಿ ದುಡಿಯುವವರಿಗೂ ಅಂಗಡಿಕಾರರಿಗೂ ಸ್ಥಾನ ಕೊಡಬೇಕು. ಅದರ ಖರ್ಚಿನ ಲೆಕ್ಕ ಗೋಡೆಯ ಮೇಲೆ ಬರಬೇಕು.

ಹಣ ಎಲ್ಲಿದೆ ಎಂಬ ಹಳೆಯ ಪಲ್ಲವಿ ಬರುತ್ತದೆ. 2017ರ ರಾಷ್ಟ್ರೀಯ ಆರೋಗ್ಯ ನೀತಿ, 2025ರ ಹೊತ್ತಿಗೆ ರಾಷ್ಟ್ರದ ಒಟ್ಟು ಉತ್ಪನ್ನದಲ್ಲಿ 2.5 ಭಾಗವನ್ನು ಸರಕಾರಗಳು ಆರೋಗ್ಯಕ್ಕೆ ವೆಚ್ಚ ಮಾಡಬೇಕೆಂದಿತು. ನೂರಕ್ಕೆ ಎರಡೂವರೆ! ಅದನ್ನೂ ಮುಟ್ಟಲಾಗಲಿಲ್ಲ. ಬಡವ ಮಾತ್ರ ಮೀಟರ್ ಬಡ್ಡಿಗೆ ತಂದಾದರೂ ತನ್ನ ಪಾಲು ಕಟ್ಟುತ್ತಲೇ ಇದ್ದಾನೆ.

ಬಂಧುಗಳೇ, ಮುಂದಿನ ಸಂತೆಯ ದಿನ ನಿಮ್ಮ ಊರಿಗೆ ಹೋದಾಗ ಆಸ್ಪತ್ರೆಯ ಒಳಗೆ ಹತ್ತು ನಿಮಿಷ ನಿಲ್ಲಿ. ರಾತ್ರಿ ಯಾವ ಡಾಕ್ಟರು ಇರುತ್ತಾರೆ, ಗಾಡಿ ಎಲ್ಲಿದೆ, ಸಮಿತಿಯ ಸಭೆ ಯಾವಾಗ ನಡೆಯಿತು ಎಂದು ಮರ್ಯಾದೆಯಿಂದ ಕೇಳಿ. ನರ್ಸಮ್ಮನ ಮೇಲೆ ಕೂಗಾಡಬೇಡಿ, ಅವರೂ ನಮ್ಮಂತೆ ದುಡಿಯುವವರು. ಸಿಕ್ಕ ಉತ್ತರವನ್ನು ಬರೆದು ತನ್ನಿ. ಹತ್ತು ಊರಿನ ಉತ್ತರಗಳು ಒಂದು ಅರ್ಜಿಯಾಗಿ ಜಿಲ್ಲಾಧಿಕಾರಿಯವರ ಮೇಜಿಗೆ ಹೋಗಲಿ. ಇನ್ನೊಬ್ಬರ ಮಗಳು ನಡುರಾತ್ರಿ ಗೂಡ್ಸ್ ಆಟೋದಲ್ಲಿ ಮಲಗುವ ಮೊದಲು ಈ ಕೆಲಸ ಆಗಬೇಕು.