ಬೂದಿ ಹಿಡಿದ ಕೈ

ಮುಸುರೆ ತಿಕ್ಕಿ ತಿಕ್ಕಿ ಬೆರಳಸಂದಿ ಬಿರಿದುಕೊಂಡಿದ್ದ ನಮ್ಮಕ್ಕನಿಗೆ ಊರವರೆಲ್ಲ ಹೇಳಿದ್ದು ಒಂದೇ ಮಾತು: 'ಸೋಪು ಬಿಡು, ಅಜ್ಜಿ ಥರ ಬೂದಿ ಹಾಕಿ ತಿಕ್ಕು.' ತಿಕ್ಕಿದಳು. ವಾರ ಕಳೆಯುವುದರೊಳಗೆ ಕೈಯಲ್ಲಿ ತುತ್ತು ಕಲಸಲೂ ಆಗದಷ್ಟು ಉರಿ.

ಹಳೆಯದೆಲ್ಲ ಮೃದು ಎಂದು ನಂಬುವುದು ನಮಗೊಂದು ಚಟ. ಕಟ್ಟಿಗೆಯ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಇರುತ್ತದೆ. ನೀರು ಬಿದ್ದರೆ ಚುರುಕಾದ ಕ್ಷಾರ. ಬಾಣಲೆಯ ಜಿಡ್ಡು ಯಾವುದು, ಬೆರಳಿನ ಜಿಡ್ಡು ಯಾವುದು ಎಂಬ ಭೇದ ಅದಕ್ಕೆ ತಿಳಿಯದು. ಚರ್ಮದ ಮೇಲ್ಪದರವೋ ತುಸು ಹುಳಿ. ಜರ್ಮನಿಯ ಸಂಶೋಧಕರಾದ ಶಾಡೆ ಮತ್ತು ಮಾರ್ಕಿಯೋನಿನಿ 1928ರಲ್ಲೇ ಅದನ್ನು 'ಆಮ್ಲದ ಹೊದಿಕೆ' ಎಂದು ಕರೆದಿದ್ದರು. ಅದರ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, ಸುಮಾರು 5. ಮಾಮೂಲಿ ಸಾಬೂನಿನ ನೀರಿನದು 9ರಿಂದ 10. ಈ ಅಳತೆಯಲ್ಲಿ ಒಂದು ಮೆಟ್ಟಿಲೆಂದರೆ ಹತ್ತು ಪಟ್ಟು. ಐದು ಮೆಟ್ಟಿಲೆಂದರೆ ಲಕ್ಷ ಪಟ್ಟು!

ಹಾಗಾದರೆ ಹುಳಿಯೇ ವಾಸಿಯೇ? ಅದೂ ಅಲ್ಲ. ಹಿತ್ತಾಳೆ ಚೊಂಬಿನ ಕಿಲುಬು ಬಿಡಿಸುವ ಹುಣಸೆಹಣ್ಣು ಬಿರಿದ ಚರ್ಮಕ್ಕೆ ತಾಗಿದರೆ ಪ್ರಾಣ ಹೋದಂತಾಗುತ್ತದೆ. ನಿಂಬೆಸಿಪ್ಪೆಯ ರಸ ಹತ್ತಿದ ಕೈಯಲ್ಲಿ ಬಿಸಿಲಿಗೆ ಹೋದರೆ ಬೊಬ್ಬೆಯೆದ್ದು ಕಪ್ಪು ಕಲೆ ಉಳಿಯುವುದುಂಟು. ಅಂಟುವಾಳದ ನೊರೆ ಇವೆಲ್ಲಕ್ಕಿಂತ ಸೌಮ್ಯ. ರೇಷ್ಮೆ ಸೀರೆಗೆ ಅದನ್ನೇ ಆರಿಸಿಕೊಂಡವರು ಜಾಣರು. ಆದರೆ ಸೀದ ಪಾತ್ರೆಯ ಮುಂದೆ ಅದರ ಆಟ ನಡೆಯದು, ಕಣ್ಣಿಗೆ ಸಿಡಿದರಂತೂ ಕೇಳಬೇಡಿ.

ಅಜ್ಜಿಯಿಂದ ಕಲಿಯಬೇಕಾದದ್ದು ಬೇರೆಯೇ ಇತ್ತು. ಹಲಸಿನಹಣ್ಣು ಬಿಡಿಸುವ ಮೊದಲು ಅವಳು ಕೈಗೂ ಕತ್ತಿಗೂ ಕೊಬ್ಬರಿ ಎಣ್ಣೆ ಸವರುತ್ತಿದ್ದಳು, ಮೇಣ ಅಂಟದಿರಲಿ ಎಂದು. ಸುವರ್ಣಗಡ್ಡೆ ಹೆಚ್ಚುವಾಗಲೂ ಅಷ್ಟೆ. ಅದರೊಳಗಿನ ಸೂಜಿಯಂಥ ಆಕ್ಸಲೇಟ್ ಹರಳುಗಳು ಚುಚ್ಚಿಯೇ ತುರಿಕೆ ಏಳುವುದು. ಹಸಿಮೆಣಸು ಹೆಚ್ಚಿದ ಕೈಯನ್ನು ಎಷ್ಟು ನೀರಲ್ಲಿ ತೊಳೆದರೂ ಉರಿ ಇಳಿಯದು, ಖಾರದ ಕ್ಯಾಪ್ಸೈಸಿನ್ ನೀರಿಗೆ ಕರಗುವುದಿಲ್ಲ, ಎಣ್ಣೆಗೆ ಕರಗುತ್ತದೆ. ಮೊದಲು ಎಣ್ಣೆ ಉಜ್ಜಿ, ಆಮೇಲೆ ಸೋಪು. ಈ ರಸಾಯನಶಾಸ್ತ್ರವನ್ನು ಅಜ್ಜಿ ಓದಿರಲಿಲ್ಲ. ಕೆಲಸಕ್ಕೆ ಕೂರುವ ಮುಂಚೆ ಕೈಯನ್ನು ನೆನೆಯುವ ಅಭ್ಯಾಸ ಮಾತ್ರ ಇತ್ತು. ನಮಗೆ ಕೈ ನೆನಪಾಗುವುದು ಉರಿ ಎದ್ದಮೇಲೆ.

ಅಕ್ಕ ಕೊನೆಗೆ ಚರ್ಮದ ಡಾಕ್ಟರ ಬಳಿ ಹೋದಳು. ಈಗ ಬಾಣಲೆಯ ಎಣ್ಣೆಯನ್ನು ಮೊದಲು ಹಳೆಯ ಪೇಪರಿನಲ್ಲಿ ಒರೆಸಿಬಿಡುತ್ತಾಳೆ, ಅರ್ಧ ಸೋಪು ಅಲ್ಲೇ ಉಳಿಯಿತು. ಕುದಿನೀರಿನ ಬದಲು ಉಗುರುಬೆಚ್ಚನೆಯದು. ರಬ್ಬರ್ ಗ್ಲೌಸಿನ ಒಳಗೊಂದು ಹತ್ತಿಯ ಗ್ಲೌಸು, ಬೆವರಿಗೂ ಚರ್ಮ ಮುನಿಯುತ್ತದಲ್ಲ. ಪಾತ್ರೆ ಮುಗಿದಮೇಲೆ ಕೈಯೊರೆಸಿ, ಒದ್ದೆ ಪೂರ್ತಿ ಆರುವ ಮೊದಲೇ ಡಾಕ್ಟರು ಕೊಟ್ಟ ಮುಲಾಮು.

ಬಚ್ಚಲೊಲೆಯ ಬೂದಿ ಬಸಳೆಯ ಬುಡಕ್ಕೆ ಹೋಗುತ್ತಿದೆ.